ಊರ ಕುರ್ಚಿಗಳೆಲ್ಲ ನಮ್ಮ ಮನೆಯಲ್ಲಿ

ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಬಿಟ್ಟೆ. ನಳ ಬಂದಿತ್ತು, ಹಂಡೆ ತುಂಬಿಸಿದೆ. ಹಾಲು ಕಾಯಿಸಿದೆ. ಅಪ್ಪನಿಗೆ ಗುಳಿಗೆ ಕೊಟ್ಟೆ. ನಾಲಿಗೆಯ ಕೆಳಗೆ ಬಚ್ಚಿಟ್ಟುಕೊಂಡು ನುಂಗಿದೆ ಎಂದ, ಬಾಯಿ ತೆರೆಸಿ ನೋಡಿ ಇನ್ನೊಮ್ಮೆ ನೀರು ಕುಡಿಸಿದೆ. ಶೇಂಗಾ ಹುರಿದು ಚಟ್ನಿ ಕುಟ್ಟಿದೆ. ಇವತ್ತು ರವಿವಾರ, ಸಂತೆಯ ಗದ್ದಲ, ನಮ್ಮ ಯಜಮಾನರು ಕಿರಾಣಿ ಅಂಗಡಿ ತೆರೆಯಲು ಬೇಗ ಹೊರಟರು, ರೊಟ್ಟಿ ಕಟ್ಟಿಕೊಟ್ಟೆ. ಬಟ್ಟೆ ಒಗೆದು ಮಾಳಿಗೆಯ ಮೇಲೆ ಒಣಹಾಕಿ ಕೆಳಗಿಳಿದು ಬಂದೆ. ಆಮೇಲೆ ನಮ್ಮ ಮನೆಯ ಕುರ್ಚಿಗಳು ಎಲ್ಲಿಗೆ ಹೋದವು ಎಂದು ಹುಡುಕಿದೆ.

ನೀವು ನಗಬಹುದು. ಕುರ್ಚಿಯೇನು ಸೂಜಿಯೇ, ಕಳೆದುಹೋಗುವುದಕ್ಕೆ? ಆದರೆ ನಮ್ಮಪ್ಪ ಇರುವ ಮನೆಯಲ್ಲಿ ಕುರ್ಚಿಗೆ ಕಾಲು ಕೊಟ್ಟಿರುವುದೇ ನಡೆಯುವುದಕ್ಕೆ! ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ರಾಣೆಬೆನ್ನೂರಿನಲ್ಲಿ ನಮ್ಮಪ್ಪನಷ್ಟು ಮನೆಗಳನ್ನು ಖಾಲಿ ಮಾಡಿದವನು ಇನ್ನೊಬ್ಬನಿಲ್ಲ. ಅದೂ ಹಾಡಹಗಲೇ, ಮನೆಯವರ ಕೈಯಿಂದಲೇ ಬಾಗಿಲು ಹಿಡಿಸಿಕೊಂಡು, ಅವರು ಮಾಡಿಕೊಟ್ಟ ಚಹಾ ಕುಡಿದು!

ಅಪ್ಪ ಬೀಜದ ಗೋದಾಮಿನಲ್ಲಿ ಹಮಾಲನಾಗಿದ್ದವನು. ಹತ್ತಿಬೀಜ, ಜೋಳದ ಬೀಜದ ಚೀಲ ಹೊತ್ತು ಹೊತ್ತೇ ಅವನ ಬೆನ್ನು ಬಾಗಿತು. ಅವ್ವ ತೀರಿಕೊಂಡ ಮೇಲೆ ನನ್ನ ಮನೆಗೆ ಬಂದ. ಕೆಲಸ ಬಿಟ್ಟರೂ ಬೆನ್ನಿನ ರೂಢಿ ಬಿಡಲಿಲ್ಲ. ಹೊರಲು ಚೀಲ ಇಲ್ಲದ್ದಕ್ಕೆ ಓಣಿಯವರ ಸಾಮಾನು ಹೊರಲು ಶುರು ಮಾಡಿದ.

ಅದರ ಹಿಂದೆ ಒಂದು ಕಾರಣವಿತ್ತು. ಬ್ಯಾಡಗಿಯ ಮೆಣಸಿನಕಾಯಿ ದಲಾಲರು ಕೆಲವರು ಕೂಡಿ ಒಂದು ವಿದ್ಯಾರ್ಥಿನಿಧಿ ನಡೆಸುತ್ತಿದ್ದರು. ಡಿಗ್ರಿ ಮುಗಿಸಿ ಧಾರವಾಡದ ಯೂನಿವರ್ಸಿಟಿಗೆ ಹೋಗುವ ಬಡ ಮಕ್ಕಳ ಫೀಸು, ಹಾಸ್ಟೆಲಿನ ಖರ್ಚು ಎಲ್ಲ ಅವರದೇ. ಆದರೆ ಆದಾಯದ ಸರ್ಟಿಫಿಕೇಟಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ದಲಾಲರಲ್ಲವೇ! ಚೀಲದೊಳಗೆ ಮೊಳಕೈವರೆಗೆ ಕೈ ಹಾಕಿ ಕಾಯಿ ತೆಗೆದು ಮೂಸಿ ನೋಡದೆ ದರ ಹೇಳದ ಜನ. ಹಾಗಾಗಿ ಮಳೆಗಾಲ ಹಿಡಿಯುವ ಹೊತ್ತಿಗೆ ತಾವೇ ಮನೆ ಮನೆಗೆ ಬಂದು ಬಡತನವನ್ನು ಕಣ್ಣಾರೆ ನೋಡಿ ಹೋಗುತ್ತಿದ್ದರು.

ಅವರು ಬರುವ ಸುದ್ದಿ ಸಿಕ್ಕರೆ ಸಾಕು, ಅಪ್ಪ ಹೆಗಲ ಮೇಲೆ ಟವೆಲು ಹಾಕಿಕೊಂಡು ಆ ಹುಡುಗರ ಮನೆಗೆ ಹಾಜರು. ಕುರ್ಚಿ ತೆಗಿ, ಗಡಿಯಾರ ಇಳಿಸು, ಮಿಕ್ಸರ್ ಮುಚ್ಚು! ಇಳಿಸಿದ್ದನ್ನೆಲ್ಲ ಎಲ್ಲಿಡಬೇಕು? ಮತ್ತೆಲ್ಲಿ, ನಮ್ಮ ಮನೆಯಲ್ಲಿ!

ಮೊದಲು ಖಾಲಿಯಾದದ್ದು ಎದುರುಮನೆ ಗಿರಿಜವ್ವನ ಮನೆ. ಗಿರಿಜವ್ವ ಗಂಡನಿಲ್ಲದವಳು, ಸಂತೆಯಲ್ಲಿ ಕಾಯಿಪಲ್ಯ ಮಾರಿ ಮಗಳು ರೇಣುಕಾಳನ್ನು ಬಿ.ಎಸ್ಸಿ. ಓದಿಸಿದ್ದಳು. ಹಬ್ಬಕ್ಕೆ ಸೀರೆ ಬಿಟ್ಟು, ಚಹಾಕ್ಕೆ ಸಕ್ಕರೆ ಬಿಟ್ಟು ಒಂದು ಬಣ್ಣದ ಟಿವಿ ಕೊಂಡಿದ್ದಳು. ಅಪ್ಪ ಅದಕ್ಕೆ ಕೈ ಹಾಕಿದಾಗ ಅವಳ ಮುಖ ನೋಡಬೇಕಿತ್ತು.

“ಕಾಕಾ, ಅದೊಂದು ಬಿಡ್ರಿ. ಮ್ಯಾಲೆ ಸೀರಿ ಮುಚ್ಚತೇನಿ.”

“ಸೀರಿ ಮುಚ್ಚಿದ್ರ ಒಳಗ ಏನೈತಿ ಅಂತ ತಗದು ನೋಡ್ತಾರವಾ. ಅವರು ಮೆಣಸಿನಕಾಯಿ ಮಂದಿ!”

“ಇದು ಸುಳ್ಳು ಹೇಳಿದಂಗ ಆಗೂದಿಲ್ಲೇನ್ರಿ?”

ಅಪ್ಪ ಟಿವಿಯನ್ನು ಹೆಗಲಿಗೇರಿಸಿಕೊಂಡೇ ಉತ್ತರ ಕೊಟ್ಟ. “ಬಡತನ ಖರೇನ ಐತಿಲ್ಲೋ? ಅದರ ಮ್ಯಾಲಿನ ಹೊದಿಕಿ ತಗೀತೇನಿ ಅಷ್ಟ.”

ಮರುದಿನ ನಿಧಿಯ ಹಿರಿಯರೊಬ್ಬರು ಬಂದರು. ಕುಳಿತುಕೊಳ್ಳಲು ಖಾಲಿ ಗೋಣಿಚೀಲ, ನೀರು ಕುಡಿಯಲು ಸೊಟ್ಟ ತಂಬಿಗೆ. ಎಲ್ಲ ಅಪ್ಪ ಹೇಳಿದಂತೆಯೇ ನಡೆದಿತ್ತು. ಹಿರಿಯರು ಕರಗಿ, “ಪಾಪ, ಮನ್ಯಾಗ ಏನೂ ಇಲ್ಲಲ್ಲವಾ ನಿನಗ” ಎಂದರು. ಅದೊಂದು ಮಾತು ಗಿರಿಜವ್ವನಿಗೆ ತಡೆಯಲಾಗಲಿಲ್ಲ ನೋಡಿ!

“ಯಾಕಿಲ್ರಿ? ನಮ್ಮ ಟಿವಿ ಎದುರುಮನ್ಯಾಗ ಐತ್ರಿ. ಬಣ್ಣದ್ದು!”

ಹಿರಿಯರು ಎದ್ದು ನಮ್ಮ ಮನೆಗೆ ಬಂದರು. ಆ ವರ್ಷ ಇನ್ನೂ ಕೆಲವು ಮನೆಗಳ ಸಾಮಾನು ನಮ್ಮಲ್ಲಿತ್ತು. ಪಡಸಾಲೆಯ ತುಂಬ ಕುರ್ಚಿ, ಮೂಲೆಗೊಂದು ಟಿವಿ, ಗೋಡೆಯ ತುಂಬ ಗಡಿಯಾರ, ಒಂದೊಂದರದು ಒಂದೊಂದು ವೇಳೆ! ಅದರ ನಡುವೆ ನಮ್ಮ ಯಜಮಾನರು ಬನಿಯನ್ ಹಾಕಿಕೊಂಡು ಊಟಕ್ಕೆ ಕುಳಿತಿದ್ದರು. ಹಿರಿಯರು ಒಂದು ಸುತ್ತು ನೋಡಿದರು. ಕೈ ಮುಗಿದರು.

“ಸಾಹುಕಾರ್ರ, ಇಷ್ಟ ಐಶ್ವರ್ಯ ಕೊಟ್ಟಾನ ದೇವರು. ನಮ್ಮ ನಿಧಿಗೆ ನೀವೂ ಏನರ ಸೇವಾ ಮಾಡಬೇಕ ನೋಡ್ರಿ!”

ಸಾಹುಕಾರರು ತುತ್ತು ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದರು. ಗಿರಿಜವ್ವನ ಟಿವಿಯ ಮಾತು ಮುಚ್ಚಿಹೋಗಲೆಂದು ದೇಣಿಗೆ ಕೊಟ್ಟರು. ರೇಣುಕಾಳಿಗೆ ಸಹಾಯ ಮಂಜೂರಾಯಿತು. “ಇದು ನಿಮ್ಮಪ್ಪನ ಮನಿನೋ, ಹರಾಜಿನ ಅಂಗಡಿನೋ?” ಎಂದು ಯಜಮಾನರು ವಾರಗಟ್ಟಲೆ ಕೇಳಿದರು. ಈಗಲೂ ಸಂತೆಯಲ್ಲಿ ಕೆಲವರು ಅವರನ್ನು ಸಾಹುಕಾರರೆಂದೇ ಕರೆಯುತ್ತಾರೆ. ಆದರೆ ಮುಂದಿನ ಮಳೆಗಾಲ ಯಾರದೋ ಕಪಾಟು ಬಂದಾಗ ಅದರ ಇನ್ನೊಂದು ಬದಿ ಹಿಡಿದು ಒಳಗೆ ತಂದವರೂ ಅವರೇ.

ಅಪ್ಪ ಮಕ್ಕಳಿಗೆ ಪಾಠವನ್ನೂ ಹೇಳುತ್ತಿದ್ದ. ನಗಬಾರದು. ತಲೆಗೆ ಬಹಳ ಎಣ್ಣೆ ಹಚ್ಚಬಾರದು. ಕೇಳಿದ್ದಕ್ಕೆ ಮಾತ್ರ ಉತ್ತರ. ಹಲಗೇರಿಯ ಹುಡುಗನೊಬ್ಬ ಹುಮ್ಮಸ್ಸಿನಲ್ಲಿ ಕುಂಟುತ್ತ ಬಂದು ತೋರಿಸಿದ. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. “ಲೇ, ನೆಟ್ಟಗ ನಡಿಯಲೇ! ಬಡತನ ಕಾಲಾಗ ಇರ್ತೈತೇನು?” ಇನ್ನೊಂದು ಮನೆಯಲ್ಲಿ ದೊಡ್ಡ ಮನುಷ್ಯರು ಬರುತ್ತಾರೆಂದು ಆ ತಾಯಿ ಹೋಳಿಗೆ ಮಾಡಿಟ್ಟಿದ್ದಳು. ಹೊರಗೆ ಜೀಪು ನಿಂತ ಸದ್ದು. ಅಪ್ಪ ಏನು ಮಾಡಬೇಕು? ಹಿತ್ತಲಿಗೆ ಹೋಗಿ ನಿಂತುಕೊಂಡೇ ಅಷ್ಟೂ ತಿಂದ! ಆ ಮನೆಯ ಮಗನಿಗೆ ಧಾರವಾಡದಲ್ಲಿ ಸೀಟು ಸಿಕ್ಕಿತು, ಅಪ್ಪನಿಗೆ ದವಾಖಾನೆಯಲ್ಲಿ ಸಲಾಯಿನ್ ಸಿಕ್ಕಿತು.

ಇಷ್ಟಕ್ಕೂ ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ಓಣಿಯವರು ಕೇಳುತ್ತಿದ್ದರು. ಅಪ್ಪ ಹೇಳುತ್ತಿರಲಿಲ್ಲ. ನಾನೂ ಹೇಳುತ್ತಿರಲಿಲ್ಲ.

ಆ ನಿಧಿಯವರು ಮೊಟ್ಟಮೊದಲು ನೋಡಿದ ಮನೆಗಳಲ್ಲಿ ನನ್ನ ತವರುಮನೆಯೂ ಒಂದು. ನಾನು ಬಿ.ಎ. ಮುಗಿಸಿದ ವರ್ಷ. ಕಾಲೇಜಿನವರು ನಮ್ಮನ್ನು ಒಮ್ಮೆ ಗಳಗನಾಥಕ್ಕೆ ಕರೆದುಕೊಂಡು ಹೋಗಿದ್ದರು. ಎರಡು ಹೊಳೆ ಕೂಡುವ ಆ ಜಾಗದ ಹಳೆಯ ಗುಡಿಯ ಹತ್ತಿರ ಒಂದು ಕಲ್ಲು, ಮೈತುಂಬ ಅಕ್ಷರ. ನಮ್ಮ ಮೇಷ್ಟ್ರು ಬೆರಳಿಟ್ಟು ಅದರ ಸಾಲೊಂದನ್ನು ಓದಿದರು. ಕಲ್ಲು ಮಾತಾಡಿದಂತಾಯಿತು ನನಗೆ. ಮನೆಗೆ ಬಂದು ಅಪ್ಪನಿಗೆ ಹೇಳಿದೆ, ಧಾರವಾಡಕ್ಕೆ ಹೋಗಿ ಇತಿಹಾಸ ಓದುತ್ತೇನೆ, ಆ ಅಕ್ಷರ ಕಲಿಯುತ್ತೇನೆ ಎಂದು. ಅಪ್ಪ ಸಹಿ ಮಾಡಲು ಬಾರದವನು. “ಕಲ್ಲಿನ ಮ್ಯಾಲಿಂದು ಓದ್ತೀಯಾ?” ಎಂದು ಕೇಳಿ ಬಹಳ ಹೊತ್ತು ನನ್ನನ್ನೇ ನೋಡಿದ.

ನಿಧಿಯವರು ಮನೆ ನೋಡಲು ಬರುತ್ತಾರೆಂದು ಗೊತ್ತಾಯಿತು. ನೋಡಲು ಬರುವುದು ಎಂದರೆ ನಮ್ಮ ಕಡೆ ಒಂದೇ ಅರ್ಥ: ಹೆಣ್ಣು ನೋಡಲು ಬರುವುದು. ಅಪ್ಪ ಅದಕ್ಕೆ ಹೇಗೆ ತಯಾರಿ ಮಾಡಬೇಕೋ ಹಾಗೆಯೇ ಮಾಡಿದ. ಆ ಓಣಿಯ ಮಾಸ್ತರರ ಮನೆಯಿಂದ ಬೆತ್ತದ ಕುರ್ಚಿ ಹೊತ್ತು ತಂದ. ಗೋದಾಮಿನ ಮಾಲೀಕರ ಮನೆಯಿಂದ ಗಡಿಯಾರ, ಪಿಂಗಾಣಿ ಕಪ್ಪು. ಅವ್ವ ಯಾರದೋ ರೇಷ್ಮೆ ಸೀರೆ ಉಡಿಸಿ, ಇನ್ನಾರದೋ ಬಂಗಾರದ ಬೋರಮಾಳ ಸರ ನನ್ನ ಕೊರಳಿಗೆ ಹಾಕಿದಳು. ಶಿರಾ, ಉಪ್ಪಿಟ್ಟು, ಮೇಲೆ ಎಲೆಯಡಿಕೆ! ಬಂದವರು ಹೊಟ್ಟೆ ತುಂಬ ತಿಂದು, ಬೆತ್ತದ ಕುರ್ಚಿಯಿಂದ ಎದ್ದು ಹೇಳಿದರು:

“ದೇವರು ನಿಮಗ ಚೊಲೋ ಇಟ್ಟಾನ. ಇಂಥಾ ಮನಿಗೆ ನಮ್ಮ ನಿಧಿ ಯಾಕ ಬೇಕ್ರಿ?”

ಅಪ್ಪ ಬಾಯಿ ತೆರೆದ. ಬಾಗಿಲಲ್ಲಿ ಮಾಸ್ತರರು, ಮಾಲೀಕರ ಹೆಂಡತಿ, ಓಣಿಯ ಜನವೆಲ್ಲ ನಿಂತಿದ್ದರು. ಅಪ್ಪ “ಹೌದ್ರಿ” ಎಂದ.

ಅವರು ಹೋದ ಮೇಲೆ ಕುರ್ಚಿಗಳನ್ನು ಹೊತ್ತು ಒಂದೊಂದಾಗಿ ಮರಳಿ ಕೊಟ್ಟು ಬಂದ. ಮರುವರ್ಷ ಅವೇ ಕುರ್ಚಿ, ಅದೇ ಗಡಿಯಾರ, ಅದೇ ಸೀರೆ ಮತ್ತೆ ನಮ್ಮ ಮನೆಗೆ ಬಂದವು. ಈ ಸಲ ಬಂದವರು ಒಪ್ಪಿದರು. ನನ್ನ ಮದುವೆಯಾಯಿತು.

ನನ್ನ ಸಂಸಾರ ಚೆನ್ನಾಗಿಯೇ ನಡೆದಿದೆ, ಅದರ ಬಗ್ಗೆ ನನ್ನ ದೂರಿಲ್ಲ. ಶಾಸನದ ಅಕ್ಷರ ಕಲಿಯಲಿಲ್ಲ, ಅಷ್ಟೇ. ಅಪ್ಪನೂ ನಾನೂ ಆ ದಿನದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಅವನು ಊರವರ ಕುರ್ಚಿ ಹೊರುತ್ತ ಹೋದ, ನಾನು ಬಾಗಿಲು ತೆರೆಯುತ್ತ ಹೋದೆ.

ಈಗ ಇವತ್ತಿನ ಮಾತಿಗೆ ಬರುತ್ತೇನೆ. ಆ ನಿಧಿಯವರು ನಮ್ಮೂರಿಗೆ ಬರುವುದು ನಿಂತು ಕೆಲವು ವರ್ಷವೇ ಆಯಿತು. ಅಪ್ಪನಿಗೆ ಹೋದ ದೀಪಾವಳಿಯಿಂದ ನೆನಪು ಹಿಂದೆಮುಂದೆ. ಊಟ ಮಾಡಿದ್ದು ಮರೆಯುತ್ತಾನೆ, ಅವ್ವನನ್ನು ಕರೆಯುತ್ತಾನೆ. ಕುರ್ಚಿ ಹುಡುಕುತ್ತ ಹೊರಗೆ ಬಂದರೆ ಗಿರಿಜವ್ವ ತನ್ನ ಕಟ್ಟೆಯ ಮೇಲೆ ನಿಂತಿದ್ದಳು.

“ನಿಮ್ಮ ಕುರ್ಚಿ, ಮಿಕ್ಸರು, ಗಡಿಯಾರ ಎಲ್ಲಾ ನಮ್ಮ ಮನ್ಯಾಗ ಅದಾವ. ನೀ ಮಾಳಗಿ ಮ್ಯಾಲಿದ್ದಿ. ಕಾಕಾ ಏದುಸಿರು ಬಿಟಗೋತ ಹೊತ್ತು ತಂದ್ರು. ಬ್ಯಾಡ ಅನ್ನಲಿ ಹೆಂಗ? ನನ್ನ ಸಾಮಾನು ನೀ ಇಟಗೊಂಡಿದ್ದಿಲ್ಲೇನು?”

ಒಳಗೆ ಅಪ್ಪ ಗೋಡೆಗೆ ಒರಗಿ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದ.

“ಯಾರ ಮನಿಗೆ ಬರಾಕತ್ತಾರ ಅಪ್ಪಾ?”

“ಯಾರ ಮನಿಗೇನ? ನಮ್ಮ ಮನಿಗೆ. ನಿನ್ನ ಸಲುವಾಗಿ. ಸಂಜಿ ಮುಂದ ಬರ್ತಾರ, ಲಗೂ ಹಳೇ ಸೀರಿ ಉಟಗೋ.” ಅಷ್ಟರಲ್ಲಿ ಅವನ ಕಣ್ಣು ನನ್ನ ಕೊರಳಿಗೆ ಬಿತ್ತು. ತಾಳಿ ನೋಡಿ ಗಾಬರಿಯಾದ. “ಇದನ್ನ ಯಾರ ಮನಿಯಿಂದ ಇಸಗೊಂಡು ಬಂದಿ? ಕೊಟ್ಟ ಬಾ ಮಗಳ. ಬಂಗಾರ ಕಂಡ್ರ ಅವರು ಇಲ್ಲ ಅಂತಾರ.”

ನಾನು ತಾಳಿಯನ್ನು ಕುಪ್ಪಸದ ಒಳಗೆ ಸೇರಿಸಿದೆ. “ಕೊಟ್ಟ ಬಂದೆ ಅಪ್ಪಾ” ಎಂದೆ.

ಸಂಜೆಯವರೆಗೆ ಅವನು ಬಾಗಿಲು ಬಿಟ್ಟು ಕದಲಲಿಲ್ಲ. ಚಹಾ ಕೊಟ್ಟರೆ ಬೇಡ ಎಂದ. ಬಿಸಿಲು ಇಳಿಯಿತು. ಓಣಿಯಲ್ಲಿ ಯಾರ ಹೆಜ್ಜೆ ಸಪ್ಪಳವಾದರೂ ಎದ್ದು ನಿಲ್ಲುತ್ತಿದ್ದ, ಮತ್ತೆ ಕುಳಿತುಕೊಳ್ಳುತ್ತಿದ್ದ. ಬಾರದ ಜನರನ್ನು ನಾನು ಎಲ್ಲಿಂದ ಕರೆತರಲಿ?

ಆಗ ಬಂದವಳು ರೇಣುಕಾ. ಈಗ ಹಾವೇರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ, ರಜೆಗೆ ತಾಯಿಯ ಮನೆಗೆ ಬಂದಿದ್ದಳು. ಇಸ್ತ್ರಿ ಮಾಡಿದ ಸೀರೆ, ಹೆಗಲಿಗೆ ಚೀಲ. ಅಪ್ಪ ಅವಳನ್ನು ಗುರುತಿಸಲಿಲ್ಲ. ಎದ್ದು ಕೈ ಜೋಡಿಸಿದ.

“ಬರ್ರಿ ಅಕ್ಕಾರ. ಕುಂದ್ರಾಕ ಕುರ್ಚಿ ಇಲ್ರಿ, ತಪ್ಪು ತಿಳೀಬ್ಯಾಡ್ರಿ. ನಮ್ಮ ಮನ್ಯಾಗ ಏನೂ ಇಲ್ರಿ.”

ರೇಣುಕಾ ನನ್ನತ್ತ ನೋಡಿದಳು. ನಾನು ಒಂದು ಖಾಲಿ ಗೋಣಿಚೀಲ ಕೊಡವಿ ಹಾಸಿದೆ. ಅವಳು ಸೀರೆ ಮಡಚಿಕೊಂಡು ಗೋಣಿಚೀಲದ ಮೇಲೆ ಕುಳಿತಳು. ಗೋಡೆ, ಜಂತಿ, ಒಲೆಯ ಮೂಲೆ ಎಲ್ಲವನ್ನೂ ನಿಧಾನವಾಗಿ ನೋಡಿದಳು. ಅವಳ ಮನೆಯನ್ನು ಆ ಹಿರಿಯರು ಹಾಗೆಯೇ ನೋಡಿದ್ದರು.

“ಏನ್ ಓದಬೇಕಂತಿ ನೀನು?” ಎಂದು ಕೇಳಿದಳು. ಯಾವಾಗಲೂ ನನ್ನನ್ನು ಚಿಗವ್ವ, ಚಿಕ್ಕಮ್ಮ, ಎಂದೇ ಕರೆಯುವವಳು.

ನನ್ನ ತಲೆ ಅರ್ಧ ಬೆಳ್ಳಗಾಗಿದೆ. “ಇತಿಹಾಸ್ರಿ” ಎಂದೆ.

“ಇತಿಹಾಸ ಓದಿ ಏನು ಮಾಡ್ತಿ?”

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ. “ಕಲ್ಲಿನ ಮ್ಯಾಲಿಂದು ಓದ್ತಾಳ್ರಿ. ಗಳಗನಾಥದಾಗ ಒಂದು ಕಲ್ಲೈತಿ. ಅದನ್ನ ಓದ್ತಾಳ್ರಿ ನನ್ನ ಮಗಳು.”

ನೆನಪು ಹೋದವನಿಗೆ ಅದು ಮಾತ್ರ ಎಲ್ಲಿ ಉಳಿದಿತ್ತು?

ರೇಣುಕಾ ಎದ್ದು ನಿಂತಳು. “ಕುರ್ಚಿ ಇಲ್ಲದ್ದು ಭಾಳ ಚೊಲೋ ಆತ್ರಿ. ಮಂಜೂರಾತು. ನಾಳಿ ಸೋಮವಾರ ಕಳಸ್ರಿ ಧಾರವಾಡಕ್ಕ” ಎಂದು ಹೇಳಿ, ನಮ್ಮಿಬ್ಬರ ಮುಖವನ್ನೂ ನೋಡದೆ ಬೇಗ ಬೇಗ ಅಂಗಳ ದಾಟಿ ಹೋದಳು.

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. “ನಿಮ್ಮವ್ವಗ ಹೇಳ ಹೋಗು” ಎಂದ. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ರಾತ್ರಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಬೆಳಗಿನ ಶೇಂಗಾ ಚಟ್ನಿ, ಮೇಲೆ ಮಜ್ಜಿಗೆ. ಕುರ್ಚಿ ಇಲ್ಲದ್ದಕ್ಕೆ ಯಜಮಾನರೂ ಏನೂ ಕೇಳದೆ ನಮ್ಮ ಜೊತೆ ನೆಲದ ಮೇಲೇ ಕುಳಿತರು. ಅಪ್ಪ ತನ್ನ ಪಾಲಿನ ಒಂದು ರೊಟ್ಟಿ ಎತ್ತಿಟ್ಟು, ಚಟ್ನಿ ಸವರಿ, ಟವೆಲಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟ, ಬಸ್ಸಿನಲ್ಲಿ ಹಸಿವಾದರೆ ತಿನ್ನಲು. ಹೊದಿಕೆ ಎಳೆದುಕೊಂಡದ್ದೇ ನಿದ್ದೆ ಹೋದ. ದಿನಾ ನಡುರಾತ್ರಿಯವರೆಗೆ ಹೊರಳಾಡುವವನು, ಎಲ್ಲರಿಗಿಂತ ಮೊದಲು ಮಲಗಿದವನು ಇವತ್ತು ಅವನೇ.