ಮಾವ್ಶಿಯ ಭೂತಗನ್ನಡಿ

ನನ್ನ ಮಾವ್ಶಿ, ಅಂದರೆ ಅಮ್ಮನ ಅಕ್ಕ, ಜಪಸರ ಮರೆತು ಇಗರ್ಜಿಗೆ ಹೋದಾರು. ಭೂತಗನ್ನಡಿ ಮರೆತು ಹೊಸಿಲು ಮಾತ್ರ ದಾಟಲಾರರು! ಬಿಸ್ಕತ್ತಿರಲಿ, ಸಾಬೂನಿರಲಿ, ಪೊಟ್ಟಣವನ್ನು ಮಗುಚಿ, ಇರುವೆಯಂಥ ಅಕ್ಷರಗಳಲ್ಲಿ ತಾಳೆ ಎಣ್ಣೆ ಎಲ್ಲಿ ಅಡಗಿದೆಯೆಂದು ಹುಡುಕುತ್ತಾರೆ. ಸಿಕ್ಕಿತೋ, ಅಂಗಡಿಯಲ್ಲಿದ್ದವರಿಗೆಲ್ಲ ಉಚಿತ ಪ್ರವಚನ. ಅಲ್ಲಿ ಪರದೇಶದಲ್ಲಿ ಕಾಡು ಸುಟ್ಟು ತಾಳೆ ನೆಡುತ್ತಾರೆ, ನೀವಿಲ್ಲಿ ಚಹಾದಲ್ಲಿ ಅದ್ದಿ ತಿನ್ನುತ್ತೀರಿ! ಜೆಪ್ಪುವಿನ ಅಂಗಡಿಯವನು ಈಗ ಅವರನ್ನು ದೂರದಿಂದ ಕಂಡರೇ ಶರಣಾಗುತ್ತಾನೆ: "ಬಾಯಮ್ಮ, ಈ ಸಾಲಿನಲ್ಲಿ ಎಲ್ಲದರಲ್ಲಿಯೂ ಉಂಟು. ನೀವು ಆಚೆ ಬೆಲ್ಲದ ಹತ್ತಿರ ನಿಲ್ಲಿ."

ಕಂಪನಿಗಳಿಗೆ ಕಾಗದ ಬರೆಯುವುದು ಇನ್ನೊಂದು ಚಟ. ಒಮ್ಮೆ ಒಂದು ಬಿಸ್ಕತ್ತು ಕಂಪನಿ ಉತ್ತರ ಕಳಿಸಿತು. ಏನು ಉತ್ತರ? ಪೆಟ್ಟಿಗೆ ತುಂಬ ಅದೇ ಬಿಸ್ಕತ್ತು! ಮಾವ್ಶಿ ಅದನ್ನು ಹಾಗೆಯೇ ಅಂಚೆಯಲ್ಲಿ ಹಿಂತಿರುಗಿಸಿದರು, ಮೇಲೆ ಇನ್ನೊಂದು ಕಾಗದ ಅಂಟಿಸಿ.

ನಾವೆಲ್ಲ ನಗುತ್ತಿದ್ದೆವು, ಕಳೆದ ಕ್ರಿಸ್ಮಸ್‌ವರೆಗೆ. ಹಬ್ಬದ ತಿಂಡಿಗಳಿಗೆ ನಮ್ಮಲ್ಲಿ ಕುಸ್ವಾರ್ ಎನ್ನುತ್ತೇವೆ. ಅದರ ತಟ್ಟೆ ಮನೆಯಿಂದ ಮನೆಗೆ ಹೋಗಬೇಕು. ಹಿಂದಕ್ಕೆ ಮಾತ್ರ ಖಾಲಿ ಬರಕೂಡದು. ಅಮ್ಮ ಮಾವ್ಶಿಗೆ ಕಳಿಸಿದ ತಟ್ಟೆಯೂ ಖಾಲಿ ಬರಲಿಲ್ಲ. ಕಳಿಸಿದ ತಿಂಡಿಯೇ ಒಂದೂ ಕಡಿಮೆಯಾಗದೆ ವಾಪಸು ಬಂತು! ಕರಿದದ್ದು ತಾಳೆ ಎಣ್ಣೆಯಲ್ಲಿ ಎಂಬ ಚೀಟಿ ಬೇರೆ. ತಂಗಿಯ ಕೈ ತಿಂಡಿಗೂ ಭೂತಗನ್ನಡಿಯೇ ಎಂದು ಅಮ್ಮ ವರ್ಷವಿಡೀ ಮಾತು ಬಿಟ್ಟಳು. ಒಂದೇ ಇಗರ್ಜಿಯಲ್ಲಿ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. ಇಬ್ಬರ ನಡುವೆ ಸಿಕ್ಕಿಬಿದ್ದ ನನಗೆ ಒಂದು ಪೂಜೆಯೂ ತಲೆಗೆ ಹೋಗಲಿಲ್ಲ.

ಈ ಸಲ ಅಮ್ಮ ಯಾರಿಗೂ ಹೇಳದೆ ಕುದ್ರೋಳಿಯ ಮಿಲ್ಲಿಗೆ ಕೊಬ್ಬರಿ ಕೊಟ್ಟು ಎಣ್ಣೆ ಮಾಡಿಸಿದಳು. ತಟ್ಟೆಯನ್ನು ನನ್ನ ಕೈಗಿಟ್ಟು, ಎಣ್ಣೆಯ ಸುದ್ದಿ ಎತ್ತಬೇಡ, ತಿಂದರೆ ತಿನ್ನಲಿ ಎಂದಳು. ಆದರೆ ಅಭ್ಯಾಸ ನೋಡಿ! ನೆರೆಮನೆಗಳಿಂದ ಬಂದ ತಿಂಡಿಯನ್ನೂ ಬೆರೆಸಿ ತಟ್ಟೆ ತುಂಬಿಸಿದ್ದಳು. ಅದು ನನಗೆ ಗೊತ್ತಾದದ್ದು ಮಾವ್ಶಿಯ ಮೇಜಿನ ಮೇಲೆ ಬಟ್ಟೆ ಸರಿಸಿದಾಗ. ಅವರೆಲ್ಲ ಕರಿದದ್ದು ಯಾವ ಎಣ್ಣೆಯಲ್ಲೋ!

ಮಾವ್ಶಿ ಒಂದೊಂದನ್ನೇ ಮೂಸಿ ಬದಿಗಿಡತೊಡಗಿದರು. ಮೂಸುತ್ತಲೇ, ಎಂದೂ ಹೇಳದ ಒಂದು ಸಂಗತಿ ಹೇಳಿದರು. ಗಲ್ಫಿನ ಆಸ್ಪತ್ರೆಯಲ್ಲಿ ಅವರ ಜೊತೆ ನರ್ಸ್ ಆಗಿದ್ದ ಇಂಡೋನೇಷ್ಯಾದ ಗೆಳತಿ ರಜೆಗೆ ಊರಿಗೆ ಹೋದಾಗ ಮನೆಯ ಹಿಂದಿನ ಕಾಡೇ ಇರಲಿಲ್ಲವಂತೆ. ಕಣ್ಣು ಹಾಯುವಷ್ಟೂ ತಾಳೆ. ಮರಳಿದವಳು ಎರಡು ದಿನ ಊಟ ಮುಟ್ಟಲಿಲ್ಲ.

"ತಾಳೆ ಎಣ್ಣೆ ಮುಟ್ಟುವುದಿಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೇನೆ ಮಾರಾಯ," ಎಂದರು. "ನಿನ್ನ ಅಮ್ಮನಿಗೆ ಅದನ್ನು ಹೇಗೆ ಹೇಳುವುದು ಅಂತ ಗೊತ್ತಾಗಲಿಲ್ಲ."

ಅಷ್ಟರಲ್ಲಿ ಅವರ ಕೈ ಒಂದು ಕಿಡ್ಯೊ ಮೇಲೆ ನಿಂತಿತು. ಹಿಟ್ಟಿನ ಉಂಡೆಯನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿ ಕರಿಯುವ ತಿಂಡಿ ಅದು. ಅಜ್ಜಿಯ ಕಾಲದ ನಮ್ಮ ಬಾಚಣಿಗೆಗೆ ಒಂದು ಹಲ್ಲಿಲ್ಲ. ಭೂತಗನ್ನಡಿಯಲ್ಲಿ ಗೆರೆಗಳ ನಡುವಿನ ಆ ಬೋಳು ಜಾಗ ಕಂಡಿತು. ಮೂಗಿಗೆ ಹಿಡಿದರು. ತೆಂಗಿನೆಣ್ಣೆ! ಬಾಯಿಗೆ ಹಾಕಿಕೊಂಡರು. ಮತ್ತೊಂದು. ಇನ್ನೊಂದು. ಹಲ್ಲಿಲ್ಲದ ಬಾಚಣಿಗೆಯದ್ದೆಲ್ಲ ಮುಗಿಯಿತು.

ಬದಿಗಿಟ್ಟದ್ದನ್ನು ಅಲ್ಲೇ ಬಿಟ್ಟು, ತಟ್ಟೆ ತೊಳೆದು, ಚಪ್ಪಲಿ ಮೆಟ್ಟಿ, ಮಾವ್ಶಿ ನನಗಿಂತ ಮೊದಲೇ ರಿಕ್ಷಾ ಹತ್ತಿದರು. ಭೂತಗನ್ನಡಿ ಮೇಜಿನ ಮೇಲೆಯೇ ಉಳಿಯಿತು. ಬೋಳಾರದ ನಮ್ಮ ಮನೆಯ ಬಾಗಿಲು ತೆರೆದ ಅಮ್ಮ ಮೊದಲು ನೋಡಿದ್ದು ಖಾಲಿ ತಟ್ಟೆಯನ್ನು.

"ಖಾಲಿ ಕಳಿಸಬಾರದಲ್ಲ," ಎಂದರು ಮಾವ್ಶಿ. "ನಾನು ಮಾಡಿದ ತಿಂಡಿ ಎಂತದ್ದೂ ಇರಲಿಲ್ಲ. ಅದಕ್ಕೆ ನಾನೇ ಬಂದೆ."