ಗಟಾರದ ಫಲಶ್ರುತಿ

ಸುದ್ದಿ ಈಗ ಎಲ್ಲರ ಅಂಗೈಗೆ ಬಂದಿದೆ. ಅದಕ್ಕೇ ಇರಬೇಕು, ಇಬ್ರಾಹಿಂಪುರದ ನಮ್ಮ ಓಣಿಯಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಾನು ಬಿ.ಎ. ಓದಿದವಳು, ಓಣಿಯ ಸುದ್ದಿ ಪತ್ರಿಕೆಯಲ್ಲಿ ಬಂದರೆ ಕತ್ತರಿಸಿ, ತಾರೀಖು ಬರೆದು ಇಡುತ್ತೇನೆ. ಈ ಸಲ ಗಟಾರ ಕಸದಿಂದ ಕಟ್ಟಿಕೊಂಡು, ನೀರು ಪಕ್ಕದ ಮನೆಯವಳ ಅಡುಗೆಮನೆಗೇ ನುಗ್ಗತೊಡಗಿತು.

೧. ಕಣ್ಣೀರು

ಟಿಕೋಟಾದ ವರದಿಗಾರರೊಬ್ಬರು ಮೊದಲೆಲ್ಲ ನಾಲ್ಕು ಮನೆ ವಿಚಾರಿಸಿ, ಪಾಲಿಕೆ ಕಚೇರಿಯವರನ್ನೂ ಕೇಳಿ ಬರೆಯುತ್ತಿದ್ದರು. ಅಚ್ಚಾದ ಮರುದಿನವೇ ಸಲಿಕೆ ಹಿಡಿದವರು ಬರುತ್ತಿದ್ದರು. ಈಗ ಅವರದು ಮೊಬೈಲ್ ಚಾನೆಲ್. ಗಟಾರ ಎಲ್ಲಿ ಕಟ್ಟಿದೆ, ಯಾಕೆ ಕಟ್ಟಿದೆ ಎಂದು ನಾನು ಬಿಡಿಸಿ ಹೇಳಿದೆ. ಅವರು ಮೊಬೈಲ್ ಇಳಿಸಿದರು.

"ಇಷ್ಟು ಶಾಂತ ಹೇಳಿದ್ರ ಯಾರೂ ನೋಡಂಗಿಲ್ರಿ ಅಕ್ಕಾರ. ಸ್ವಲ್ಪ ಅಳ್ರಿ."

"ಗಟಾರ ಸತ್ತಿಲ್ರಿ, ಕಟ್ಟೇದ ಅಷ್ಟ," ಎಂದೆ.

ಕೊನೆಗೆ ಉಳ್ಳಾಗಡ್ಡಿ ಹೆಚ್ಚುತ್ತ ಕಣ್ಣೀರು ಸುರಿಸುತ್ತಿದ್ದ ಪಕ್ಕದ ಮನೆಯವಳನ್ನು ಚಿತ್ರೀಕರಿಸಿಕೊಂಡು ಹೋದರು. ಅದನ್ನು ನೋಡಿ ಬಬಲೇಶ್ವರದಿಂದ ನನ್ನ ತಂಗಿ ಫೋನ್ ಮಾಡಿದಳು: "ಪಾಪ, ಆಕಿ ಗಂಡ ಹೋದ್ನೇನ?" ಗಟಾರದ ಮಾತೇ ಬರಲಿಲ್ಲ.

೨. ಹೆಬ್ಬೆರಳು

ಹಿಂದೆ ಒಂದು ಕೂಗು ಹಾಕಿದರೆ ಓಣಿಯೇ ಕಚೇರಿಯ ಮುಂದೆ ಹೋಗಿ ನಿಲ್ಲುತ್ತಿತ್ತು. ಈಗ ವಾಟ್ಸಾಪ್ ಗ್ರೂಪಿದೆ. ನಾಳೆ ಬೆಳಿಗ್ಗೆ ಎಲ್ಲರೂ ಕೂಡಿ ಹೋಗೋಣ ಎಂದು ಬರೆದೆ. ಎಲ್ಲರೂ ಹೆಬ್ಬೆರಳು ಎತ್ತಿದರು, ವಾರ್ಡಿನ ಸದಸ್ಯರೂ ಎತ್ತಿದರು. ಬೆಳಿಗ್ಗೆ ಓಣಿಯ ತುದಿಯಲ್ಲಿ ನಾನೊಬ್ಬಳೇ ಕೊಡೆ ಹಿಡಿದು ನಿಂತಿದ್ದೆ. ನೀರು ತುಂಬಿದ ಮನೆ ಬಿಟ್ಟು ಬರಲಾಗದೆ, ಪಕ್ಕದ ಮನೆಯವಳು ಬಾಗಿಲಿನಿಂದಲೇ ಸಮಾಧಾನ ಹೇಳಿದಳು:

"ಎಲ್ಲಾರೂ ಬಂದಾರಲ್ರಿ ಅಕ್ಕಾರ, ಗ್ರೂಪಿನ್ಯಾಗ."

೩. ಪರಿಹಾರ

ಕಚೇರಿಯ ಆ್ಯಪ್‌ನಲ್ಲಿ ದೂರು ಕೊಟ್ಟೆ. ಓಣಿಯವರಿಗೆ ಸ್ವಲ್ಪ ನಾಚಿಕೆಯಾಗಲೆಂದು ಗ್ರೂಪಿಗೆ ನಾನು ಕತ್ತರಿಸಿಟ್ಟ ಹಳೆಯ ಪತ್ರಿಕೆಯ ಒಂದು ಚಿತ್ರವನ್ನೂ ಹಾಕಿದೆ. ಅದರಲ್ಲಿ ಗಟಾರ ಸ್ವಚ್ಛವಾಗಿದೆ, ಪಕ್ಕದಲ್ಲಿ ನಾನು ನಿಂತಿದ್ದೇನೆ. ಸ್ಪಷ್ಟವಾಗಿ ಕಾಣಲೆಂದು ಚಿತ್ರವನ್ನಷ್ಟೇ ತೆಗೆದಿದ್ದೆ, ತಾರೀಖು ಹೊರಗುಳಿಯಿತು. ಸದಸ್ಯರು ಅದನ್ನು ಕಚೇರಿಗೆ ಕಳಿಸಿದರು. ಸಂಜೆ ನನಗೆ ಸಂದೇಶ ಬಂತು: 'ದೂರು ಪರಿಹರಿಸಲಾಗಿದೆ.' ಸಾಕ್ಷಿಗೆ ಅದೇ ಚಿತ್ರ. ವರದಿಗಾರರಂತೂ ಯಾರನ್ನೂ ಕೇಳದೆ ಅದನ್ನೇ 'ನಮ್ಮ ವರದಿಯ ಫಲಶ್ರುತಿ' ಎಂದು ಚಾನೆಲ್ಲಿಗೆ ಹಾಕಿಬಿಟ್ಟರು.

ಕಚೇರಿಗೆ ಹೋದೆ. ಗುಮಾಸ್ತರು ಮೊಬೈಲ್ ತಿರುಗಿಸಿ ತೋರಿಸಿದರು. "ಕೆಲಸ ಆಗೇದಲ್ರಿ. ನೀವೇ ಬಾಜೂಕ ನಿಂತೀರಿ."

ನನ್ನದೇ ದಾಖಲೆ, ಇಲ್ಲ ಎನ್ನುವುದು ಹೇಗೆ? ಹಳೆಯದೆಂದು ಹೇಳಿದೆ. ಹಾಗಾದರೆ ಹೊಸ ದೂರು ಕೊಡಿ ಎಂದರು.

ಮರಳಿ ಬಂದಾಗ ಪಕ್ಕದ ಮನೆಯವಳು ತಂಬಿಗೆಯಿಂದ ನೀರು ಹೊರಗೆ ಚೆಲ್ಲುತ್ತಿದ್ದಳು. ಆ ಚಿತ್ರ ತೋರಿಸಿದೆ. ಚಿತ್ರ ನೋಡಿದಳು, ನನ್ನ ನರೆತ ತಲೆ ನೋಡಿದಳು.

"ಭಾಳ ಚಲೋ ಕೆಲಸ ಮಾಡ್ಯಾರ ಬಿಡ್ರಿ ಅಕ್ಕಾರ. ಗಟಾರದ ಹೊಲಸು ಬಳದು, ಅದರ ಸಂಗಡ ನಿಮ್ಮ ಕೂದಲಾನೂ ಕರ್ರಗ ಮಾಡಿ ಕೊಟ್ಟಾರ."