ದೋಣಿಯಲ್ಲಿ ಸಿಕ್ಕಿದ ಗಂಡ

ಜಲಜ ಆ ದಿನ ಮಾಡಿದ ತಪ್ಪು ಒಂದೇ: ಮೊದಲ ಪ್ರಶ್ನೆಗೆ ಉತ್ತರ ಕೊಟ್ಟದ್ದು.

೧೯೪೪ರ ಏಪ್ರಿಲ್ ಕೊನೆ. ಕುಂದಾಪುರದಿಂದ ಗಂಗೊಳ್ಳಿಗೆ ಹೋಗುವ ದೋಣಿ. ಎದುರಿಗೆ ಕುಳಿತ ವಿಧವೆ ಚಂದ್ರಮತಮ್ಮ, ದೋಣಿ ದಡ ಬಿಡುವ ಮೊದಲೇ ಅವಳನ್ನು ಅಂಗಡಿಯ ಬಟ್ಟೆಯ ಹಾಗೆ ಮೇಲಿಂದ ಕೆಳಗೆ ನೋಡಿ ಮುಗಿಸಿದ್ದರು.

"ಹ್ವಾಯ್, ನೀನ್ ಗಂಡಾ, ಹೆಣ್ಣಾ?"

"ಹೆಣ್ಣ್."

"ಮತ್ತೆ ಸ್ವರ ಎಂತಕ್ಕೆ ಹಾಂಗಿತ್?"

ಕೋಟೇಶ್ವರದಲ್ಲಿ ಹೂ ಕಟ್ಟಿ ಬದುಕುವ ಜಲಜಳಿಗೆ ಇದು ಹೊಸತಲ್ಲ. ಹುಟ್ಟಿದಾಗ ಮನೆಯವರು ಗಂಡು ಹೆಸರಿಟ್ಟಿದ್ದರು. ತಾನು ಹೆಣ್ಣೆಂದು ಸೀರೆ ಉಟ್ಟ ದಿನ ಅಪ್ಪ ಬಾಗಿಲು ಹಾಕಿಕೊಂಡ. ಅದಾಗಿ ಏಳು ವರ್ಷ. ಈಗ ಬೈಂದೂರಿನಿಂದ ತಂಗಿ ಸುಗಂಧಿಯ ಕಾಗದ ಬಂದಿತ್ತು: "ಅಕ್ಕ, ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಬಾ. ದೊಡ್ಡಮ್ಮನೇ ಹಾಕಬೇಕು. ನನಗೊಬ್ಬ ಅಕ್ಕ ಇದ್ದಾಳೆಂದು ಅತ್ತೆಗೆ ಹೇಳಿದ್ದೇನೆ." ಸುಗಂಧಿ ಹಿಂದೆಂದೂ 'ಅಕ್ಕ' ಎಂದವಳಲ್ಲ. ಓದಿ ಓದಿ ಕಾಗದ ಮಡಿಕೆಯಲ್ಲೇ ಹರಿದಿತ್ತು.

"ಗಂಡ ಎಲ್ಲಿದ್ದ?" ಚಂದ್ರಮತಮ್ಮ ಬಿಡಲಿಲ್ಲ.

ಇಲ್ಲವೆಂದರೆ ಯಾಕಿಲ್ಲ ಎಂದು ಗಂಗೊಳ್ಳಿಯ ತನಕ ಹೇಳಬೇಕು. "ಬೊಂಬಾಯಂಗೆ," ಎಂದುಬಿಟ್ಟಳು ಜಲಜ.

"ಹೆಸ್ರ್?"

ಹೆಸರು ಹುಡುಕುತ್ತ ಅವಳು ತಲೆ ತಗ್ಗಿಸಿದಳು. ಗಂಡನ ಹೆಸರು ಹೇಳಲು ನಾಚಿಕೆ ಎಂದುಕೊಂಡ ಮುದುಕಿಗೆ ಪೂರ್ತಿ ನಂಬಿಕೆ ಬಂತು. ಕೊನೆಗೆ, "ವೈಕುಂಠ," ಎಂದಳು.

"ಎಲ್ಲಿ ಕೆಲ್ಸ?" ಹೊಗೆಸೊಪ್ಪಿನ ವ್ಯಾಪಾರಿ ಗುಣಪಾಲ ಪಕ್ಕದಿಂದ ಬಾಯಿ ಹಾಕಿದ.

ಬೊಂಬಾಯಿಯಲ್ಲಿ ಬಂದರು ಇದೆಯೆಂಬುದು ಬಿಟ್ಟರೆ ಜಲಜಳಿಗೆ ಬೇರೇನೂ ಗೊತ್ತಿರಲಿಲ್ಲ. "ಬಂದರ್ ಹತ್ರ. ಹೋಟ್ಲಂಗೆ ಅಡ್ಗಿ."

ಗಂಗೊಳ್ಳಿ ಮುಟ್ಟುವಷ್ಟರಲ್ಲಿ ವೈಕುಂಠನಿಗೆ ಗುಂಗುರು ಕೂದಲು ಬಂದಿತ್ತು, ಕೆನ್ನೆಯಲ್ಲಿ ಮಚ್ಚೆ ಮೂಡಿತ್ತು. ಹೇಳುತ್ತ ಹೇಳುತ್ತ ಜಲಜಳಿಗೇ ಅವನ ಮೇಲೆ ಆಸೆ ಹುಟ್ಟಿತು. ದಣಿದು ಬಂದರೂ ಮೊದಲು, 'ನೀನ್ ಉಂಡ್ಯಾ?' ಎಂದು ಕೇಳುವವನು. ಆ ಪ್ರಶ್ನೆಯೊಂದನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

ಯುದ್ಧಕಾಲದ ಇದ್ದಿಲ ಗ್ಯಾಸಿನ ಬಸ್ಸು ದೋಣಿಯವರನ್ನೇ ಹತ್ತಿಸಿಕೊಂಡು ಮುದುಕನಂತೆ ಕೆಮ್ಮುತ್ತ ಬೈಂದೂರಿಗೆ ಹೊರಟಿತು. ಗುಣಪಾಲ ಇದ್ದಕ್ಕಿದ್ದಂತೆ ತಿರುಗಿದ. "ಬಂದರ್ ಹತ್ರ ಅಂದ್ಯಲೆ? ಮೊನ್ನೆ ಅಲ್ಲಿ ಸಿಡಿಮದ್ದಿನ ಹಡಗ್ ಸಿಡ್ದ್ ನೂರಾರ್ ಜನ ಸತ್ತದ್ ಗೊತ್ತಿಲ್ಯಾ? ಗಂಡಂದ್ ಕಾಗ್ದ ಬಂತಾ?"

"ಇಲ್ಲೆ," ಎಂದಳು ಜಲಜ. ಅದಾದರೂ ನಿಜವಾಗಿತ್ತು.

ಬಸ್ಸಿನವರೆಲ್ಲ ಅವಳ ಕಡೆ ತಿರುಗಿದರು. ಮರವಂತೆಯಲ್ಲಿ ಹೆಂಗಸರು ಅವಳನ್ನು ತಬ್ಬಿಕೊಂಡರು. ಉಪ್ಪುಂದದಲ್ಲಿ ಚಂದ್ರಮತಮ್ಮ ಅಳುತ್ತಲೇ ಅವಳ ಕುಂಕುಮ ಒರೆಸಿದರು. ಬೆಳಿಗ್ಗೆ ಮದುವೆಯೇ ಆಗದವಳು ಮಧ್ಯಾಹ್ನಕ್ಕೆ ಮುತ್ತೈದೆ, ಮೂರು ಗಂಟೆಗೆ ವಿಧವೆ! ಎಲ್ಲ ಸುಳ್ಳೆಂದು ಕೂಗಬಹುದಿತ್ತು. ಆದರೆ ಏಳು ವರ್ಷಗಳಲ್ಲಿ ಒಬ್ಬ ಹೆಂಗಸೂ ಅವಳನ್ನು ಹೀಗೆ ಎದೆಗೊತ್ತಿಕೊಂಡಿರಲಿಲ್ಲ. ಜಲಜ ಮುದುಕಿಯ ಹೆಗಲಿಗೆ ತಲೆಯಿಟ್ಟು ನಿಜವಾಗಿಯೇ ಅತ್ತಳು.

ಬೈಂದೂರಿನಲ್ಲಿ ಇಳಿದು ಮುಖ ತೊಳೆದು ಕುಂಕುಮ ಇಟ್ಟುಕೊಂಡರೆ ಆಯಿತು ಎಂದುಕೊಂಡಿದ್ದಳು. "ಇಂಥಾ ಹೊತ್ತಂಗೆ ಒಬ್ಳನ್ನೇ ಬಿಡೂಕಾತ್ತಾ?" ಎಂದು ಚಂದ್ರಮತಮ್ಮ ಬೆನ್ನಿಗೇ ಬಂದರು. ಸುಗಂಧಿಯ ಅತ್ತೆ ಮುತ್ತು ಅಂಗಳಕ್ಕೆ ಬಂದದ್ದೇ ತಡ, ಎಲ್ಲವನ್ನೂ ಹೇಳಿ ಮುಗಿಸಿದರು.

ಮುತ್ತು ಜಲಜಳ ಕೆನ್ನೆ ಸವರಿದಳು. "ಸೊಸಿ ಅಕ್ಕ ಅಂದ್ರೆ ನಂಗೂ ಮಗಳೇ. ಆರೆ ಇವತ್ ತೊಟ್ಲ್ ಹತ್ರ ಬಪ್ಪುಕಾಗ ಮಗಾ. ಜಗಲಿಯಂಗೆ ಕೂಕೋ."

ಮಗುವನ್ನೆತ್ತಿಕೊಂಡು ಸುಗಂಧಿ ಹೊಸ್ತಿಲಿಗೆ ಓಡಿ ಬಂದಳು. "ಅಕ್ಕ, ನಿಂಗೆ ಗಂಡನೇ ಇಲ್ಲೆ ಅಂದ್ ನಾನ್ ಹೇಳ್ತೆ," ಎಂದು ಪಿಸುಗುಟ್ಟಿದಳು.

ಹೇಳಿದರೆ ಮರುಪ್ರಶ್ನೆ, ಯಾಕಿಲ್ಲ ಎಂದು. ಮನೆ ತುಂಬ ನೆಂಟರು. ಉತ್ತರ ಸಿಕ್ಕಿದ ಮೇಲೆ ಈ ಜಗಲಿಯೂ ಉಳಿಯುವುದಿಲ್ಲ, ತಂಗಿಯ ನೆಮ್ಮದಿಯೂ ಉಳಿಯುವುದಿಲ್ಲ. ಜಲಜ ಮಗುವಿನ ಮುಖವನ್ನೇ ನೋಡುತ್ತ ಬೇಡವೆಂದು ತಲೆಯಾಡಿಸಿದಳು.

ಒಳಗೆ ಯಾರೋ ಮಗುವನ್ನು ತೊಟ್ಟಿಲಿಗೆ ಹಾಕಿದರು. ಹೆಂಗಸರ ಹಾಡು ಶುರುವಾಯಿತು. ಚಂದ್ರಮತಮ್ಮ ಜಗಲಿಯಲ್ಲಿ ಅವಳ ಪಕ್ಕಕ್ಕೆ ಸರಿದು ಕುಳಿತರು. "ನಂಗೂ ಒಳ್ಗೆ ಹೋಪುಕಿಲ್ಲೆ ಕಾಣ್," ಎಂದು ಅವಳ ಕೈ ಹಿಡಿದುಕೊಂಡರು. ಆಮೇಲೆ ಕೇಳಿದರು:

"ಹೆಣ್ಣೇ, ನಿಂಗೆ ಅವ್ನ್ ಮೇಲೆ ತುಂಬಾ ಆಸೆ ಇದ್ದಿತ್ತಾ?"

ಬೆಳಗಿನಿಂದ ಬಂದ ಪ್ರಶ್ನೆಗಳಲ್ಲಿ ಮುಚ್ಚಿಡಲು ಏನೂ ಇಲ್ಲದ್ದು ಇದೊಂದೇ.

"ಹೌದ್," ಎಂದಳು ಜಲಜ.